ಬಯಲ ಪಾಠಶಾಲೆ

|| ಓಂ ಶ್ರೀಗುರುಬಸವಲಿಂಗಾಯ ನಮಃ ||

ವಿದ್ಯೆಯೆಂಬುದು ನಾಲ್ಕು ಗೋಡೆಗಳ ನಡುವೆ ಕುಳಿತು ಗ್ರಂಥಗಳನ್ನೋದಿ ಸಂಪಾದಿಸತಕ್ಕ ವಸ್ತುವೆಂದೂ, ಸಾಧನೆಯೆಂಬುದು ಪೂಜಾಗೃಹದ ಬಾಗಿಲನ್ನು ಮುಚ್ಚಿ ನಡೆಸತಕ್ಕ ಕಾರ್ಯವೆಂದೂ, ಹೊಲ, ಹಳ್ಳ, ಬೆಟ್ಟ, ದಾರಿಗಳು ಇವೆರಡಕ್ಕೂ ಹೊರತಾದ ಲೌಕಿಕ ಸ್ಥಾನಗಳೆಂದೂ ಭಾವಿಸುವುದು ಬಹುಜನರ ರೂಢಿಯಾಗಿರುವುದು. ಆದರೆ ಶರಣಪರಂಪರೆಯ ಚರಿತ್ರೆಯನ್ನು ಮೊದಲಿನಿಂದ ಕಡೆಯವರೆಗೆ ವಿಚಾರಿಸಿ ನೋಡಿದಲ್ಲಿ ಈ ಮೂರು ಎಣಿಕೆಗಳಲ್ಲಿ ಒಂದೂ ನಿಲ್ಲಲಾರದು. ನಮ್ಮ ಹಿರಿಯರು ಶಿಷ್ಯನನ್ನು ಬಯಲಿಗೆ ಕಳುಹಿ ಕಲಿಸಿದರು. ಅಲ್ಲಿ ಕಲಿತುದನ್ನು ಗುರುಸನ್ನಿಧಿಗೆ ತಂದು ಒರೆಹಚ್ಚಿ ನೋಡಿದರು. ಈ ಹೋಗುಬರುವಿಕೆಯು ನಡೆದಷ್ಟು ಕಾಲ ಮಠಗಳು ಜೀವಂತವಾಗಿದ್ದುವು. ಅದು ನಿಂತಾಗ ಸೊರಗಿದುವು. ಮತ್ತೆ ಮೊದಲಾದಾಗ ಚಿಗುರಿದುವು. ಈ ಸಂಗತಿಯನ್ನು ಭಕ್ತರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವು.

ಇಲ್ಲಿ ಎರಡು ಪದಗಳನ್ನು ಮೊದಲೇ ಅರಿತುಕೊಳ್ಳುವುದು ಯುಕ್ತವಾಗಿದೆ. ಒಂದು 'ಅನುಭವ'; ಮತ್ತೊಂದು 'ಬಯಲು'. ಕೇಳಿದುದು, ಓದಿದುದು ಅನುಭವವೆನಿಸದು. ತಾನೇ ನಡೆದು, ಮಾಡಿ, ಕಂಡು ತನ್ನದಾಗಿಸಿಕೊಂಡುದೇ ಅನುಭವವು. ಬಯಲೆಂದರೆ ಊರಾಚೆಯ ತೆರೆದ ನೆಲವೆಂದು ಒಕ್ಕಲಿಗನಿಗೆ ಅರ್ಥವಾಗುವುದು; ಶರಣನು ಕಡೆಯಲ್ಲಿ ಒಂದಾಗತಕ್ಕ ನಿರವಯ ಶೂನ್ಯವೆಂದು ಷಟ್‌ಸ್ಥಲವನ್ನು ಬಲ್ಲವನಿಗೆ ಅರ್ಥವಾಗುವುದು. ಒಂದೇ ಮಾತು ಎರಡೂ ಎಡೆಗಳಲ್ಲಿ ಸಲ್ಲುತ್ತಿರುವುದು ಆಕಸ್ಮಿಕವಲ್ಲ. ಶರಣರಲ್ಲಿ ಅನೇಕರು ತಮ್ಮ ಪರಮಾರ್ಥದ ಭಾಷೆಯನ್ನು ತೆರೆದ ನೆಲದಲ್ಲಿ ದುಡಿಯುತ್ತಲೇ ಕಲಿತವರಾಗಿದ್ದರು.

ಶರಣರ ಕಾಲ

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಎಷ್ಟೊಂದು ಮಂದಿ ಬಯಲಿನ ಕಾಯಕದವರಿದ್ದರೆಂಬುದನ್ನು ಅವರ ಹೆಸರುಗಳೇ ಸಾರುವುವು. ಅಂಬಿಗರ ಚೌಡಯ್ಯನವರು ಹೊಳೆಯ ಮೇಲೆ ಹುಟ್ಟು ಹಾಕಿದವರು. ತುರುಗಾಹಿ ರಾಮಣ್ಣನವರು ದನ ಕಾಯ್ದವರು. ಒಕ್ಕಲಿಗ ಮುದ್ದಣ್ಣನವರು ನೇಗಿಲು ಹಿಡಿದವರು. ಮೇದರ ಕೇತಯ್ಯನವರು ಬಿದಿರು ಕಡಿದು ತಂದವರು. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತವರು. ಇವರ ವಚನಗಳಲ್ಲಿ ತತ್ತ್ವವು ಬೇರೆಡೆಯಿಂದ ತಂದು ಹೊದಿಸಿದ ವಸ್ತ್ರದಂತಿರದೆ, ದೋಣಿ, ಮಂದೆ, ಬಿತ್ತು, ಬೆಳೆಗಳ ಒಳಗಿನಿಂದಲೇ ಮೂಡಿಬಂದಿರುವುದು. ಮಂದೆಯಿಂದ ತಪ್ಪಿದ ಹಸುವನ್ನು ಸಂಜೆಯ ಹೊತ್ತಿನಲ್ಲಿ ಅರಸಿದವನಿಗೆ, ಇಂದ್ರಿಯಗಳು ಹರಿದಾಡುವ ಬಗೆಯನ್ನೂ ಅವನ್ನು ಮರಳಿ ಕೂಡಿಸುವ ಬಗೆಯನ್ನೂ ಬೇರೊಬ್ಬರು ವಿವರಿಸಿ ಹೇಳಬೇಕಾದುದಿಲ್ಲ.

ಹೀಗೆಂದಮಾತ್ರಕ್ಕೆ ದುಡಿಮೆಯೊಂದೇ ಸಾಧನೆಯೆಂದು ಶರಣರು ಎಣಿಸಿದರೆಂದು ತಿಳಿಯಲಾಗದು. ಈ ವಿಷಯದಲ್ಲಿ ಶೂನ್ಯಸಂಪಾದನೆಯಲ್ಲಿ ಬರುವ ಸೊನ್ನಲಿಗೆಯ ಸಿದ್ಧರಾಮೇಶ್ವರರ ಪ್ರಸಂಗವು ಅತ್ಯಂತ ಬೋಧಪ್ರದವಾಗಿದೆ. ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿ ಸಿದ್ಧರಾಮರು ಲೋಕೋಪಕಾರಾರ್ಥವಾಗಿ ಕೆರೆಯನ್ನು ತೋಡಿಸಿ, ಗುಡಿಗಳನ್ನೆತ್ತಿಸಿ, ಬಹುಜನರನ್ನು ಕೂಡಿಕೊಂಡು ಕರ್ಮಯೋಗದಲ್ಲಿ ನಿರತರಾಗಿದ್ದರು. ಅಲ್ಲಮಪ್ರಭುದೇವರು ಆ ಕೆರೆಯ ಏರಿಗೆ ಬಂದು, ಇವರನ್ನು ಮಣ್ಣು ಹೊರುವ ಒಡ್ಡನೆಂದು ಕರೆದರು. ಕೆಲಸಗಾರರು ಕೆರಳಿ ಕಲ್ಲೆಸೆದರು. ಸಿದ್ಧರಾಮರೂ ಕೋಪಗೊಂಡರು. ಆದರೆ ಪ್ರಭುದೇವರ ಮಾತಿನ ತಿರುಳು ಮನಸ್ಸಿಗೆ ನಾಟಿದೊಡನೆ ಅವರ ಕೋಪವಡಗಿತು. ಅವರೊಡನೆ ಕಲ್ಯಾಣಕ್ಕೆ ತೆರಳಿ ಚೆನ್ನಬಸವೇಶ್ವರರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಪ್ರಭುದೇವರು ಕೆರೆಯನ್ನು ಮುಚ್ಚಿಸಲಿಲ್ಲ. ಕೆರೆಯು ಜನರಿಗೂ ಜಾನುವಾರುಗಳಿಗೂ ಬೇಕಾದುದೇ. ಕೆರೆಯನ್ನು ತೋಡಿದವನು ತನ್ನೊಳಗನ್ನು ತೋಡಿಕೊಂಡನೇ ಎಂಬುದೊಂದೇ ಅವರು ಕೇಳಿದ ಪ್ರಶ್ನೆಯು. ಇದೇ ಗ್ರಂಥದಲ್ಲಿ ತೋಟಿಗನಾದ ಗೊಗ್ಗಯ್ಯನವರ ಬಳಿಗೆ ಬಂದಾಗಲೂ ಪ್ರಭುದೇವರು ಅವರ ಕೈಯ ಗುದ್ದಲಿಯನ್ನು ಕಸಿದುಕೊಳ್ಳದೆ, ಹೊರಗಿನ ತೋಟದಿಂದ ಒಳಗಿನ ತೋಟಕ್ಕೆ ಮಾತನ್ನು ತಿರುಗಿಸಿದರು. ಬಯಲಿನ ಕೆಲಸವು ಪಾಠದ ಪೂರ್ವಾರ್ಧವಾದರೆ ಆ ಕೆಲಸದ ಮೇಲಣ ಅನುಭಾವಗೋಷ್ಠಿಯು ಅದರ ಉತ್ತರಾರ್ಧವು.

ಇದಕ್ಕೆ ಎದುರಾದ ಮಗ್ಗುಲನ್ನು ನುಲಿಯ ಚಂದಯ್ಯನವರ ಪ್ರಸಂಗವು ತೋರಿಸುವುದು. ಅವರು ಕೆರೆಯಲ್ಲಿ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮದಾಸೋಹವನ್ನು ನಡೆಸುತ್ತಿದ್ದವರು. ಒಂದು ದಿನ ಹುಲ್ಲಿನ ಹೊರೆಯನ್ನೆತ್ತುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಚಂದಯ್ಯನವರು ಅದನ್ನೆತ್ತಿಕೊಳ್ಳದೆ ಕಾಯಕಕ್ಕೆ ಹೊತ್ತಾಯಿತೆಂದು ಮುಂದೆ ನಡೆದರೆಂದೂ, ಮಡಿವಾಳ ಮಾಚಿದೇವರು ನಡುವೆ ಬಂದು ತಿಳಿಹೇಳಲು ಮತ್ತೆ ಲಿಂಗವನ್ನು ಸ್ವೀಕರಿಸಿದರೆಂದೂ ಶೂನ್ಯಸಂಪಾದನೆಯು ಹೇಳುವುದು. ಕಾಯಕವನ್ನು ಬಿಟ್ಟ ಪೂಜೆಯು ಕುಂಟು; ಲಿಂಗವನ್ನು ಬಿಟ್ಟ ಕಾಯಕವು ಕುರುಡು. ಕ್ರಿಯೆ ಜ್ಞಾನಗಳೆರಡೂ ಒಂದನ್ನೊಂದು ಕೈಹಿಡಿದು ನಡೆಯಬೇಕೆಂಬ ಸಿದ್ಧಾಂತವು ಈ ಎರಡು ಕಥೆಗಳಲ್ಲಿ, ಅದೂ ಎರಡು ಕೆರೆಗಳ ದಂಡೆಯ ಮೇಲೆ, ನಿರ್ಣಯವಾಯಿತೆಂದರೆ ತಪ್ಪಾಗಲಾರದು.

ವಿರಕ್ತರ ಸಂಚಾರ

ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಅವರ ವಿದ್ಯೆಯನ್ನು ಉಳಿಸಿ ಬೆಳೆಸಿದವರಲ್ಲಿ ಚರಜಂಗಮರು ಮುಖ್ಯರು. ಜಂಗಮನೆಂಬ ಪದದಲ್ಲಿಯೇ ಚಲನೆಯು ಅಡಗಿರುವುದು. ಒಂದೆಡೆಯಲ್ಲಿ ಬಹುಕಾಲ ನೆಲೆಸದೆ, ಭಿಕ್ಷೆಯಲ್ಲಿ ಬಂದುದನ್ನೇ ಪ್ರಸಾದವೆಂದು ಸ್ವೀಕರಿಸಿ, ಊರಿಂದೂರಿಗೆ ನಡೆಯುವ ಚರಮೂರ್ತಿಗೆ ದಾರಿಯೇ ಪಾಠಶಾಲೆಯಾಗಿದ್ದಿತು. ಹಸಿವು, ಬಿಸಿಲು, ಮಳೆ, ಅಪರಿಚಿತರ ಆದರ, ಅನಾದರ ಇವೇ ಪಠ್ಯಗಳು. ಬಡವನ ಮನೆಯ ಅಂಬಲಿಯನ್ನೂ ಸಿರಿವಂತನ ಮನೆಯ ಪಾಯಸವನ್ನೂ ಒಂದೇ ಭಾವದಿಂದ ಸ್ವೀಕರಿಸಬಲ್ಲೆನೆಂದು ಮಠದೊಳಗೆ ಕುಳಿತು ಹೇಳುವುದು ಸುಲಭ. ದಿನದಿನವೂ ಜೋಳಿಗೆ ಹಿಡಿದು ನಡೆದವನಿಗೆ ಮಾತ್ರ ಆ ಮಾತಿನ ಬೆಲೆ ತಿಳಿಯುವುದು.

ಈ ಪರಂಪರೆಯ ಮುಕುಟಪ್ರಾಯರಾದವರು ತೋಂಟದ ಸಿದ್ಧಲಿಂಗ ಯತಿಗಳು. ಷಟ್‌ಸ್ಥಲ ಜ್ಞಾನಸಾರಾಮೃತವೆಂಬ ಮಹಾಗ್ರಂಥವನ್ನು ಕರುಣಿಸಿದ ಈ ಮಹಾತ್ಮರು ಏಳುನೂರೊಂದು ವಿರಕ್ತರೊಡನೆ ಸಂಚರಿಸಿದರೆಂದು ಸಂಪ್ರದಾಯವು ಸ್ಮರಿಸುವುದು. ತುಮಕೂರು ಸೀಮೆಯ ಕಗ್ಗೆರೆಯ ತೋಟವೊಂದರಲ್ಲಿ ಅವರು ದೀರ್ಘಕಾಲ ಶಿವಯೋಗದಲ್ಲಿದ್ದುದರಿಂದ 'ತೋಂಟದ' ಎಂಬ ವಿಶೇಷಣವು ಅವರ ಹೆಸರಿಗೆ ಅಂಟಿತು. ಎಡೆಯೂರಿನಲ್ಲಿ ಅವರ ಗದ್ದುಗೆಯಿರುವುದು. ಷಟ್‌ಸ್ಥಲದಂತಹ ಸೂಕ್ಷ್ಮಶಾಸ್ತ್ರವನ್ನು ನಿರೂಪಿಸಿದ ಆಚಾರ್ಯರನ್ನು ಲೋಕವು ಅರಮನೆಯ ಹೆಸರಿನಿಂದಲೂ ಗುರುತಿಸದೆ ಪಟ್ಟಣದ ಹೆಸರಿನಿಂದಲೂ ಗುರುತಿಸದೆ ತೋಟದ ಹೆಸರಿನಿಂದ ಗುರುತಿಸಿತೆಂಬುದು ಭಕ್ತರು ಮನಗಾಣತಕ್ಕ ವಿಷಯವಾಗಿದೆ.

ಮಠಗಳು ನೆಲೆಗೊಂಡ ಬಳಿಕ

ಕಾಲಕ್ರಮದಲ್ಲಿ ಚರಮೂರ್ತಿಗಳು ತಂಗಿದೆಡೆಗಳಲ್ಲಿ ಮಠಗಳು ನೆಲೆಗೊಂಡುವು. ಅರಸರೂ ದೇಸಾಯರೂ ಭಕ್ತರೂ ಭೂಮಿಕಾಣಿಗಳನ್ನು ಬಿಟ್ಟರು. ಇದರಿಂದ ದಾಸೋಹವು ತಡೆಯಿಲ್ಲದೆ ನಡೆಯಿತು, ಓಲೆಗರಿಯ ಗ್ರಂಥಗಳು ಉಳಿದುವು, ಮಕ್ಕಳಿಗೆ ಅಕ್ಷರ ದೊರೆಯಿತು; ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಲಾಭದೊಡನೆ ಒಂದು ನಷ್ಟವೂ ಮೆಲ್ಲನೆ ಒಳಹೊಕ್ಕಿತು. ಭೂಮಿಯನ್ನು ಗೇಣಿದಾರರು ಉಳುತ್ತಿದ್ದರು. ಧಾನ್ಯವು ಬಂಡಿಯಲ್ಲಿ ಬಂದು ಕಣಜವನ್ನು ಸೇರುತ್ತಿದ್ದಿತು. ಹೀಗಿರುವಲ್ಲಿ ವಟುವು ತಾನುಣ್ಣುವ ಜೋಳದ ತೆನೆಯನ್ನು ಮುಟ್ಟಿ ನೋಡದೆಯೇ ಪ್ರಸಾದತತ್ತ್ವವನ್ನು ಕಂಠಪಾಠ ಮಾಡುವ ಸ್ಥಿತಿಯೊದಗಿತು. ಶಬ್ದವು ಉಳಿದು ಅನುಭವವು ತೆಳುವಾಯಿತು. ಪಟ್ಟವೇರಿದ ಸ್ವಾಮಿಗೆ ಭಕ್ತನ ಹೊಲದ ಕಷ್ಟವು ತಿಳಿಯದಂತಾದಾಗ, ಭಕ್ತನೂ ಮಠದ ಮಾತಿಗೆ ಕಿವಿಗೊಡುವುದನ್ನು ಕಡಿಮೆ ಮಾಡಿದನು.

ಈ ಇಳಿಗಾಲದಲ್ಲಿಯೂ ದೀಪವು ಪೂರ್ಣವಾಗಿ ಆರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಯಚೂರು ಸೀಮೆಯ ಸಂತೆಕೆಲ್ಲೂರಿನ ಘನಮಠದ ಶಿವಯೋಗಿಗಳು 'ಕೃಷಿಜ್ಞಾನ ಪ್ರದೀಪಿಕೆ' ಎಂಬ ಗ್ರಂಥವನ್ನು ರಚಿಸಿದರು. ಶಿವಯೋಗಿಯ ಲೇಖನಿಯಿಂದ ಒಕ್ಕಲುತನದ ಶಾಸ್ತ್ರವು ಹೊರಟುದನ್ನು ಕಂಡು ಆಶ್ಚರ್ಯಪಡುವವರು ಶರಣರ ಮಾರ್ಗವನ್ನು ಮರೆತವರೇ ಸರಿ. ಯೋಗಿಯಾದವನು ನೆಲವನ್ನು ನೋಡಿ ತಿಳಿದನು, ತಿಳಿದುದನ್ನು ಒಕ್ಕಲು ಮಕ್ಕಳಿಗೆ ಹೇಳಿದನು. ಇದರಲ್ಲಿ ಪರಂಪರೆಗೆ ಹೊಸದಾದುದೇನೂ ಇಲ್ಲ.

ಶಿವಯೋಗಮಂದಿರ

ಒಡೆದ ಎರಡು ಹೋಳುಗಳನ್ನು ಮತ್ತೆ ಬೆಸೆದ ಕೀರ್ತಿಯು ಪ್ರಾತಃಸ್ಮರಣೀಯರಾದ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳಿಗೆ ಸಲ್ಲತಕ್ಕದ್ದು. 1867ರಲ್ಲಿ ಜನಿಸಿದ ಅವರು 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಉದಯಕ್ಕೆ ಕಾರಣರಾದರು. ಸಮಾಜವನ್ನು ತಿದ್ದಬೇಕಾದರೆ ಮೊದಲು ಅದಕ್ಕೆ ಮಾರ್ಗ ತೋರುವ ಸ್ವಾಮಿಗಳು ಸರಿಯಾಗಿ ತಯಾರಾಗಬೇಕೆಂದು ಮನಗಂಡು, 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಪ್ರಭಾ ನದಿಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು.

ಸ್ಥಳದ ಆಯ್ಕೆಯೇ ಒಂದು ಉಪದೇಶದಂತಿದೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಂತಹ ಪಟ್ಟಣಗಳಿದ್ದರೂ ಮಹಾಸ್ವಾಮಿಗಳು ಹೊಳೆಯ ದಂಡೆಯನ್ನು ಆರಿಸಿಕೊಂಡರು. ಸುತ್ತಲೂ ಕೆಂಪು ಮರಳುಗಲ್ಲಿನ ಬೆಟ್ಟಗಳು; ಹಿಂದೆ ಚಾಲುಕ್ಯರು ಆಳಿದ ನಾಡು; ಬೇಸಿಗೆಯ ಬಿಸಿಲೂ ಹೊಳೆಯ ತಂಪೂ ಸಮನಾಗಿ ದೊರೆಯುವ ತಾಣ. ಅಲ್ಲಿ ಸಂಸ್ಕೃತ, ಕನ್ನಡ ಶಾಸ್ತ್ರಪಾಠಗಳೊಡನೆ ಯೋಗಾಭ್ಯಾಸ, ಆಯುರ್ವೇದ, ಸಂಗೀತ, ಗೋಸೇವೆ, ವಿಭೂತಿಯ ತಯಾರಿಕೆ ಇವೆಲ್ಲವೂ ಸೇರಿದುವು. ಆಯುರ್ವೇದವನ್ನು ಕಲಿಯುವವನು ಗಿಡಮೂಲಿಕೆಯ ಹೆಸರನ್ನು ನಿಘಂಟಿನಲ್ಲಿ ಓದಿದಮಾತ್ರಕ್ಕೆ ವೈದ್ಯನಾಗಲಾರನು. ಬೆಟ್ಟವನ್ನೇರಿ, ಎಲೆಯನ್ನು ಹಿಸುಕಿ ಮೂಸಿ, ಬೇರನ್ನು ಅಗೆದು ಗುರುತಿಸಬೇಕು. ಇದಕ್ಕೆ ಬಾದಾಮಿಯ ಗುಡ್ಡಗಳಿಗಿಂತ ದೊಡ್ಡ ಪುಸ್ತಕವೊಂದು ಬೇಕಿಲ್ಲ.

ವಿಭೂತಿಯ ವಿಷಯವನ್ನು ತುಸು ವಿಸ್ತರಿಸಿ ಹೇಳುವುದು ಉಚಿತವು. ಅಷ್ಟಾವರಣಗಳಲ್ಲಿ ವಿಭೂತಿಯೂ ಒಂದು. ನಂದಾ, ಭದ್ರಾ, ಸುರಭಿ, ಸುಶೀಲಾ, ಸುಮನಾ ಎಂಬ ಐದು ಗೋವುಗಳ ಗೋಮಯದಿಂದ ವಿಭೂತಿ, ಭಸಿತ, ಭಸ್ಮ, ಕ್ಷಾರ, ರಕ್ಷೆಗಳಾದುವೆಂದು ಶಾಸ್ತ್ರವು ಹೇಳುವುದು. ಇಷ್ಟನ್ನು ಒಬ್ಬ ಜಾಣ ಹುಡುಗನು ಅರ್ಧ ಗಳಿಗೆಯಲ್ಲಿ ಬಾಯಿಪಾಠ ಮಾಡಬಲ್ಲನು. ಆದರೆ ಹಟ್ಟಿಯನ್ನು ಗುಡಿಸಿ ಸಗಣಿಯನ್ನು ಎತ್ತಬೇಕು; ಕಸಕಡ್ಡಿಯನ್ನು ಆಯ್ದು ತೆಗೆಯಬೇಕು; ಬಿಸಿಲಿನಲ್ಲಿ ಒಣಗಿಸಬೇಕು; ಸುಟ್ಟು ಬೂದಿಯಾಗಿಸಬೇಕು; ಆ ಬೂದಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಬೇಕು; ತಿಳಿಯನ್ನು ಬಸಿದು, ತಳದಲ್ಲಿ ನಿಂತ ನುಣುಪಾದ ಭಾಗವನ್ನು ಗಟ್ಟಿಗಳಾಗಿ ಮಾಡಿ ಒಣಗಿಸಬೇಕು. ಮಳೆ ಬಂದರೆ ಕೆಲಸ ಕೆಡುವುದು. ಅವಸರ ಮಾಡಿದರೆ ಗಟ್ಟಿಯು ಬಿರಿಯುವುದು. ಇಷ್ಟನ್ನೂ ಕೈಯಾರೆ ಮಾಡಿದ ವಟುವು ಮರುದಿನ ಮುಂಜಾನೆ ಹಣೆಗೆ ಮೂರು ಬೆರಳುಗಳಿಂದ ತ್ರಿಪುಂಡ್ರವನ್ನು ಧರಿಸುವಾಗ, ಮಲವೆಂದು ಲೋಕವು ತಿರಸ್ಕರಿಸುವ ವಸ್ತುವು ಬಿಸಿಲು, ಬೆಂಕಿ, ನೀರುಗಳಲ್ಲಿ ಹಾಯ್ದು ಶುಭ್ರವಾದುದನ್ನು ಕಂಡವನಾಗಿರುವನು. ಮಲತ್ರಯಗಳು ಹೇಗೆ ಸುಡಲ್ಪಡುವುವೆಂದು ಗುರುವು ಅವನಿಗೆ ಸಂಜೆ ಹೇಳಿದರೆ ಆ ಮಾತು ಬರಿಯ ಶಬ್ದವಾಗಿ ಕಿವಿಯಲ್ಲಿ ನಿಲ್ಲದೆ ಹೃದಯದಲ್ಲಿ ಇಳಿಯುವುದು. ಅನುಭವಶಿಕ್ಷಣವೆಂದರೆ ಇದೇ.

ನಡೆದಾಡಿದ ಸಂಗೀತಶಾಲೆ

ಕುಮಾರ ಮಹಾಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳ ಚರಿತ್ರೆಯು ಇದೇ ತತ್ತ್ವದ ಮತ್ತೊಂದು ನಿದರ್ಶನವು. 1892ರಲ್ಲಿ ಹುಟ್ಟುಗುರುಡರಾಗಿ ಜನಿಸಿದ ಅವರ ಕಂಠವನ್ನು ಗುರುತಿಸಿ, ಮಹಾಸ್ವಾಮಿಗಳು ಅವರಿಗೆ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳ ಸಂಗೀತಶಿಕ್ಷಣವು ದೊರೆಯುವಂತೆ ಮಾಡಿದರು. ಗವಾಯಿಗಳು ತಾವು ಪಡೆದುದನ್ನು ಒಂದೆಡೆಯಲ್ಲಿ ಕಟ್ಟಿಡಲಿಲ್ಲ. ಅಂಧರೂ ಅನಾಥರೂ ಆದ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸಂಚರಿಸುತ್ತ ಸಂಗೀತವನ್ನು ಕಲಿಸಿದರು. ಕಟ್ಟಡವಿಲ್ಲದ ಆ ಶಾಲೆಗೆ ಗುಡಿಯ ಚಾವಡಿ, ಮಠದ ಅಂಗಳ, ಊರ ಮುಂದಣ ಮರಗಳೇ ಆಸರೆ. ಭಕ್ತರು ನೀಡಿದ ಭಿಕ್ಷೆಯೇ ಅನ್ನ. ಕಣ್ಣಿಲ್ಲದ ಬಾಲಕನು ಹೊಸ ಊರಿನ ದಾರಿಯನ್ನು ಕಾಲಿನಿಂದ ತಿಳಿದು, ಹೊಸ ಜನರನ್ನು ದನಿಯಿಂದ ತಿಳಿದು, ಹಾಡಿ ಅವರ ಮನಸ್ಸನ್ನು ಗೆದ್ದು ಬದುಕುವುದನ್ನು ಕಲಿತನು. ತರುವಾಯ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಬಳಿಕ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಸೇವೆಯನ್ನು ನಡೆಸಿದರು. ದಯೆಯೊಂದನ್ನೇ ಉಂಡು ಬೆಳೆಯಬೇಕಾಗಿದ್ದ ಮಕ್ಕಳು ವಿದ್ಯೆಯನ್ನು ಹಂಚುವವರಾದುದು ಈ ನಡೆದಾಡಿದ ಶಾಲೆಯ ಫಲವು.

ಸಿದ್ಧಗಂಗೆಯ ಬೆಟ್ಟದಡಿಯಲ್ಲಿ

ಮೈಸೂರು ಸೀಮೆಯಲ್ಲಿ ತುಮಕೂರಿನ ಸಮೀಪದ ಶ್ರೀ ಸಿದ್ಧಗಂಗಾ ಕ್ಷೇತ್ರವು ಇದೇ ಮಾರ್ಗವನ್ನು ಬೃಹತ್ಪ್ರಮಾಣದಲ್ಲಿ ಅನುಸರಿಸಿತು. ಉದ್ಧಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಅಲ್ಲಿ ಸಂಸ್ಕೃತ ಪಾಠಶಾಲೆಯು ಆರಂಭವಾಯಿತು. 1941ರಲ್ಲಿ ಅಧಿಕಾರವನ್ನು ವಹಿಸಿಕೊಂಡ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಭಕ್ತರ ಊರುಗಳಿಗೆ ಹೋಗಿ ದವಸಧಾನ್ಯಗಳನ್ನು ಸಂಗ್ರಹಿಸಿ ತಂದು, ಜಾತಿಮತಗಳ ಭೇದವೆಣಿಸದೆ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಸುಮಾರು 10,000 ಮಕ್ಕಳು ಆಶ್ರಯ ಪಡೆದಿದ್ದರು.

ಅಲ್ಲಿಯ ಸಾಮೂಹಿಕ ಪ್ರಾರ್ಥನೆಯು ತೆರೆದ ಅಂಗಳದಲ್ಲಿ, ಆಕಾಶದಡಿಯಲ್ಲಿ ನಡೆಯುವ ಸಂಪ್ರದಾಯವು ಪ್ರಸಿದ್ಧವಾದುದು. ಶಿವರಾತ್ರಿಯ ಜಾತ್ರೆಯೊಡನೆ ಕೃಷಿ ಕೈಗಾರಿಕೆಗಳ ವಸ್ತುಪ್ರದರ್ಶನವನ್ನೂ ಸೇರಿಸಿದುದು ಮಹಾಸ್ವಾಮಿಗಳ ದೂರದೃಷ್ಟಿಗೆ ಸಾಕ್ಷಿ. ರಥವನ್ನು ನೋಡಲು ಬಂದ ಒಕ್ಕಲಿಗನು ಬೀಜವನ್ನೂ ಗೊಬ್ಬರವನ್ನೂ ನೋಡಿ ವಿಚಾರಿಸಿಕೊಂಡು ಹೋಗುವಂತಾಯಿತು. ದೇವರ ಜಾತ್ರೆಯೇ ಬಯಲ ಪಾಠಶಾಲೆಯಾಯಿತು.

ಸಂಚಾರದ ಹಳೆಯ ಆಯುಧವಾದ ಜೋಳಿಗೆಗೂ ಈ ಕಾಲದಲ್ಲಿ ಹೊಸ ಪ್ರಯೋಜನವೊದಗಿತು. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಹಿಡಿದು ಹೊರಟು, ಧಾನ್ಯ ದ್ರವ್ಯಗಳನ್ನು ಬೇಡದೆ, ಕುಡಿತವೇ ಮೊದಲಾದ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಮಠದಲ್ಲಿ ಕುಳಿತು ಉಪದೇಶಿಸಿದ್ದರೆ ಈ ಭಿಕ್ಷೆಯು ಜೋಳಿಗೆಗೆ ಬೀಳುತ್ತಿರಲಿಲ್ಲ. ಓಣಿಯಲ್ಲಿ ನಡೆದುದರಿಂದ ಬಿದ್ದಿತು.

ಎರಡು ಆಕ್ಷೇಪಗಳು

ಇಷ್ಟೆಲ್ಲವನ್ನು ಕೇಳಿದ ಬಳಿಕವೂ ಎರಡು ಬಗೆಯ ಆಕ್ಷೇಪಗಳು ಏಳುವುದುಂಟು. ವಟುವು ಹೊಲದಲ್ಲಿ, ಹಟ್ಟಿಯಲ್ಲಿ ಹೊತ್ತು ಕಳೆದರೆ ವ್ಯಾಕರಣವನ್ನು ಯಾವಾಗ ಕಲಿಯಬೇಕು, ಆಚಾರಕ್ಕೆ ಕುಂದು ಬಾರದೇ ಎಂಬುದು ಮೊದಲನೆಯದು. ಇದಕ್ಕೆ ಸಮಾಧಾನವು ಶರಣರ ಚರಿತ್ರೆಯಲ್ಲಿಯೇ ಇದೆ. ಶರಣರಲ್ಲಿ ಆಚಾರವೆಂಬುದು ನಡೆಯನ್ನು ಕುರಿತ ಮಾತು. ಮಣ್ಣು ಮುಟ್ಟಿದ ಕೈಯಿಂದ ಅದಕ್ಕೆ ಕುಂದಿಲ್ಲ, ದುಡಿಯದೆ ಉಂಡ ಬಾಯಿಂದ ಕುಂದುಂಟು. ಇನ್ನು ವ್ಯಾಕರಣವು ಅವಶ್ಯವಾಗಿ ಬೇಕು. ಗ್ರಂಥವನ್ನು ಬಿಟ್ಟ ಅನುಭವವು ತನ್ನನ್ನು ತಾನೇ ಅಳೆದುಕೊಳ್ಳಲಾರದು. ಹೊತ್ತನ್ನು ಹಂಚಿಕೊಡುವುದು ಗುರುವಿನ ಜಾಣ್ಮೆಯು.

ಎರಡನೆಯ ಆಕ್ಷೇಪವು ಇದಕ್ಕೆ ತದ್ವಿರುದ್ಧವಾದುದು. ಬೆಟ್ಟವನ್ನೇರಿ, ಹೊಳೆಯಲ್ಲಿ ಈಜಿ, ಗಿಡ ನೆಟ್ಟು ಬಂದರೆ ಸಾಕು, ಅದೇ ಪೂಜೆ, ಇಷ್ಟಲಿಂಗ, ಮಂತ್ರ, ಧ್ಯಾನಗಳ ಗೊಡವೆ ಏಕೆ ಎಂಬುದು ಇತ್ತೀಚಿನವರ ಮಾತು. ಸೊನ್ನಲಿಗೆಯ ಕೆರೆಯ ಏರಿಯ ಮೇಲೆ ಪ್ರಭುದೇವರು ಉತ್ತರ ಕೊಟ್ಟುದು ಈ ಆಕ್ಷೇಪಕ್ಕೇ. ಬೆಟ್ಟವನ್ನೇರಿದವರೆಲ್ಲರೂ ಯೋಗಿಗಳಾಗುವುದಾದರೆ ಕುರಿ ಮೇಕೆಗಳು ಮೊದಲು ಆಗಬೇಕಾಗಿದ್ದಿತು. ಬಯಲಿನಿಂದ ಮರಳಿದ ಮೇಲೆ ಕರಸ್ಥಲದ ಲಿಂಗದ ಮುಂದೆ ಕುಳಿತು, ಇಂದು ಎಲ್ಲಿ ಬೇಸತ್ತೆ, ಎಲ್ಲಿ ಹೆಮ್ಮೆಪಟ್ಟೆ, ಯಾರ ಹೊರೆಯನ್ನು ಹಂಚಿಕೊಳ್ಳದೆ ಮುಂದೆ ನಡೆದೆ ಎಂದು ತನ್ನನ್ನು ತಾನು ಕೇಳಿಕೊಂಡವನಿಗೆ ಮಾತ್ರ ಬಯಲು ಪಾಠಶಾಲೆಯಾಗುವುದು. ಉಳಿದವರಿಗೆ ಅದು ವಿಹಾರದ ಸ್ಥಳವಷ್ಟೆ.

ಉಪಸಂಹಾರ

ಇದು ಹಿಂದಿನ ಕಾಲದ ವಿಚಾರವೆಂದು ಭಕ್ತರು ಸುಮ್ಮನಾಗುವಂತಿಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಕಾನೂನಿನಿಂದ ಗೇಣಿಯ ಭೂಮಿಗಳು ಉಳುವವರ ಪಾಲಾದುವು. ದುಡಿದವನಿಗೆ ನೆಲವು ದೊರೆತುದು ಶರಣರ ಧರ್ಮಕ್ಕೆ ಒಪ್ಪುವ ಮಾತೇ ಆಗಿದೆ. ಗೇಣಿಯ ಕಾಳನ್ನೇ ನೆಚ್ಚಿದ್ದ ಮಠಗಳಿಗೆ ಅದರಿಂದ ಕೊರತೆಯಾಯಿತು. ಆದರೆ ಅದರಿಂದಲೇ ಒಂದು ಪಾಠವೂ ದೊರೆಯಿತು. ಕೈಯಿಂದ ಉಳದ ಭೂಮಿಯು ಕೈಯಲ್ಲಿ ನಿಲ್ಲದು. ನಡೆಯಿಂದ ಉಳದ ಶಾಸ್ತ್ರವೂ ಬಾಯಲ್ಲಿ ಬಹುಕಾಲ ನಿಲ್ಲದು.

ಈಗ ಮಠದ ಶಾಲೆಗಳಿಗೆ ಕಟ್ಟಡಗಳ ಕೊರತೆಯಿಲ್ಲ, ಪುಸ್ತಕಗಳ ಕೊರತೆಯಿಲ್ಲ. ಮಕ್ಕಳು ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತಿರುವುದೂ ಸಂತೋಷದ ಸಂಗತಿಯೇ. ಆದರೂ ಪ್ರತಿಯೊಂದು ಮಠವೂ ಉತ್ಸವದ ಸಂದರ್ಭದಲ್ಲಿ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಮ್ಮ ವಟುವು ತಾನು ಧರಿಸುವ ವಿಭೂತಿಯು ಆಗುವ ಬಗೆಯನ್ನು ಕಂಡಿರುವನೇ? ತಾನುಣ್ಣುವ ರಾಗಿಯ ಪೈರನ್ನು ಗುರುತಿಸಬಲ್ಲನೇ? ತನ್ನ ಮಠಕ್ಕೆ ನಡೆದುಕೊಳ್ಳುವ ಹಳ್ಳಿಗಳಿಗೆ ಕಾಲ್ನಡಿಗೆಯಲ್ಲಿ ಹೋಗಿ ಒಂದಿರುಳು ತಂಗಿ ಬಂದಿರುವನೇ? ಬಂದ ಬಳಿಕ ಗುರುವಿನ ಮುಂದೆ ಕುಳಿತು ಕಂಡುದನ್ನು ವಿಚಾರಿಸಿರುವನೇ?

ಈ ನಾಲ್ಕಕ್ಕೂ ಹೌದೆಂಬ ಉತ್ತರ ಬರುವ ಮಠದಲ್ಲಿ ಸೊನ್ನಲಿಗೆಯ ಕೆರೆಯೂ ಕಗ್ಗೆರೆಯ ತೋಟವೂ ಮಲಪ್ರಭೆಯ ದಂಡೆಯೂ ಇನ್ನೂ ಜೀವಂತವಾಗಿರುವುವು. ಅಲ್ಲವೆಂದು ಬರುವಲ್ಲಿ ನಿರಾಶೆಗೆ ಕಾರಣವಿಲ್ಲ. ಬಾಗಿಲ ಅಗುಳಿಯನ್ನು ತೆಗೆದರಾಯಿತು, ಬಯಲು ಹೊರಗೆ ಕಾದಿರುವುದು. ಸದ್ಭಕ್ತರು ತಮ್ಮ ಮಕ್ಕಳನ್ನು ಶ್ರೀಮಠಕ್ಕೆ ಒಪ್ಪಿಸುವಾಗ, ಅವರ ಕಾಲಿಗೆ ಧೂಳು ಹತ್ತಿತೆಂದು ನೊಂದುಕೊಳ್ಳದೆ, ಆ ಧೂಳಿನೊಡನೆ ಅರಿವೂ ಹತ್ತಲೆಂದು ಹರಸಿ ಕಳುಹಬೇಕೆಂಬುದೇ ಪ್ರಾರ್ಥನೆಯು.

|| ಶಿವಮಸ್ತು ||